ಶೇವಂತಾಬಾಯಿಯ ಫೋನು ಇವತ್ತು ಯಾವ ಊರಿಗೆ?

ಮೊಬೈಲಿನ ಪರದೆಯ ಮೇಲೆ ಹತ್ತಿರದ ಟವರಿನ ಊರು ಮೂಡುತ್ತಿತ್ತಲ್ಲ, ಅದು ಆಚೆ ಕಡೆ ಮಾತಾಡುವವರಿಗೂ ಕಾಣುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಹುಮನಾಬಾದಿನ ಹೋಟೆಲಿನಲ್ಲಿ ಸುಸಲಾ ತಿನ್ನುತ್ತ ಕುಳಿತು, ನಮ್ಮ ಮಾಲೀಕರಾದ ಮಹಾರುದ್ರಪ್ಪನವರಿಗೆ ‘ಚಿಟಗುಪ್ಪಾದಾಗ ಅದೀನ್ರಿ’ ಎನ್ನುವಾಗಲೆಲ್ಲ ಹೆಬ್ಬೆರಳಿನಿಂದ ಪರದೆಯನ್ನು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದೆ. ಊರಿನ ಹೆಸರು ಸೋರಿಹೋಗಬಾರದಲ್ಲ! ಹಾಗೆ ಮುಚ್ಚಿದರೆ ಫೋನು ಕಿವಿಗೆ ಸಿಗದೆ ಕತ್ತು ಸೊಟ್ಟ ಮಾಡಿ ಮಾತಾಡಬೇಕಾಗುತ್ತಿತ್ತು. ನಾನು ಸಂಬಳಕ್ಕಿದ್ದದ್ದು ಸಿಮ್ ಕಾರ್ಡು ಮಾರುವ ಏಜೆನ್ಸಿಯಲ್ಲಿ ಎಂಬುದನ್ನು ಇಲ್ಲಿ ಹೇಳದಿದ್ದರೂ ನಡೆಯುತ್ತಿತ್ತು.

ಆ ಹೆಬ್ಬೆರಳನ್ನು ಪತ್ತೆ ಹಚ್ಚಿದವಳು ಶೇವಂತಾಬಾಯಿ. “ಯಾಕ ಗುರುಶಾಂತಪ್ಪಾ, ಫೋನಿಗೆ ಗಾಯ ಆಗ್ಯಾದೇನು? ಹಂಗ ಒತ್ತಿ ಹಿಡದೀದಿ.”

ಹುಮನಾಬಾದ ಬಸ್ ಸ್ಟ್ಯಾಂಡಿನ ಗೇಟಿನ ಬಳಿ ಪೇರಲಹಣ್ಣಿನ ಬುಟ್ಟಿ ಇಟ್ಟು ಕೂರುವವಳು ಅವಳು. ದುಬಲಗುಂಡಿಯಲ್ಲಿ ಕಂಡವರ ಹೊಲದ ಕಳೆ ಕಿತ್ತು ಸಾಕಾಗಿ, ಗಂಡ ಸತ್ತ ವರ್ಷ ಬುಟ್ಟಿ ಹೊತ್ತು ಬಂದಳಂತೆ. ಡ್ರೈವರಿನಿಂದ ಹಿಡಿದು ನನ್ನವರೆಗೆ ಎಲ್ಲರಿಗೂ ಚಿಕ್ಕಮ್ಮನ ಲೆಕ್ಕ, ‘ಮಾವಶಿ’ ಎನ್ನುತ್ತಿದ್ದೆವು. ಒಳಬರುವ ಕರೆ ಪುಕ್ಕಟೆಯಾದ ಮೇಲೆ ನನ್ನಿಂದಲೇ ಒಂದು ಸಿಮ್ ತೆಗೆದುಕೊಂಡಳು. ಆದರೆ ಆ ಫೋನು ಅವಳ ಬಳಿ ಇರುತ್ತಿದ್ದದ್ದು ಅಪರೂಪ. ಪುಣೆಯಲ್ಲಿ ಕೂಲಿಗಿದ್ದ ಯಾರದೋ ಮಗ ಇಂದು ಕರೆ ಮಾಡುತ್ತಾನೆ ಎಂದರೆ, ಫೋನನ್ನು ಬಟ್ಟೆಯ ಚೀಲಕ್ಕೆ ಹಾಕಿ, ಮೇಲೆ ಎರಡು ಪೇರಲ ಇಟ್ಟು, ಗುರುತಿನವರ ಕೈಯಲ್ಲಿ ಅವನ ತಾಯಿಯ ಊರಿಗೆ ಬಸ್ಸು ಹತ್ತಿಸುತ್ತಿದ್ದಳು. ಸಂಜೆಯ ಬಸ್ಸಿಗೆ ಚೀಲ ವಾಪಸು. ಪೇರಲ ಮಾತ್ರ ಬರುತ್ತಿರಲಿಲ್ಲ. ಯಾರಾದರೂ ಕೇಳಿದರೆ, ಮಗಳು ಬೀಗರ ಮನೆಗೆ ಹೋದಂತೆ, “ಫೋನು ಇವತ್ತು ದುಬಲಗುಂಡಿಗೆ ಹೋಗ್ಯಾದ” ಎನ್ನುವಳು. ಒಂದು ನಂಬರು, ಅದರ ಹಿಂದೆ ಊರು ತುಂಬ ಜನ.

೨೦೦೫ರಲ್ಲಿ ನಮ್ಮ ಕಂಪನಿ ಹೊಸ ಸೇವೆ ತಂದಿತು. ಒಂದು ನಂಬರನ್ನು ಮೆಸೇಜು ಮಾಡಿದರೆ ಆ ಫೋನು ಯಾವ ಊರಿನಲ್ಲಿದೆ ಎಂಬ ಉತ್ತರ ಬರುತ್ತದೆ. ಫೋನಿನವರು ಮೊದಲೇ ಒಪ್ಪಿಗೆ ಕೊಟ್ಟಿರಬೇಕು, ಅಷ್ಟೇ. ನಾನು ಕುಣಿಯುತ್ತ ಮಾವಶಿಯ ಬಳಿ ಹೋದೆ. ಅವಳೂ ಖುಷಿಯಾದಳು. ಚೀಲ ಎಲ್ಲಿದೆ ಎಂದು ಸಂಜೆಯವರೆಗೂ ಫಿಕರು ಮಾಡುವುದು ತಪ್ಪುತ್ತಿತ್ತಲ್ಲ. ಯಾರು ಕೇಳಿದರೂ ಹೇಳು ಎಂದು ಒಪ್ಪಿಗೆ ಒತ್ತಿಸಿದೆ. ಒತ್ತಿದವಳು ಒಬ್ಬಳು, ಹೊತ್ತು ತಿರುಗುವವರು ಬೇರೆಯವರು ಎಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ದುಬಲಗುಂಡಿಯ ಕಾಶಿರಾಮ ನಮ್ಮ ಅಂಗಡಿಗೆ ಬಂದ. ಗೋಡೆಯ ಮೇಲಿನ ಪೋಸ್ಟರು ತೋರಿಸಿ, ತನ್ನ ಫೋನು ಮುಂದಿಟ್ಟು, ಒಂದು ನಂಬರು ಹೇಳಿದ. ಮಾವಶಿಯದೇ ನಂಬರು. ಹೊಸ ಗಿರಾಕಿ ಸಿಕ್ಕ ಉಮೇದಿನಲ್ಲಿ ನಾನೇ ಮೆಸೇಜು ಕಳಿಸಿದೆ. ‘ಬಸವಕಲ್ಯಾಣ’ ಎಂದು ಉತ್ತರ ಬಂತು. ನಾನು ಚಪ್ಪಾಳೆ ಹೊಡೆದೆ.

“ಸಿಕ್ಕಳು,” ಎಂದ ಕಾಶಿರಾಮ. “ನನ್ನ ತಂಗಿ ಮಗಳು ವಿಶಾಖಾ. ನನ್ನ ಮಗನಿಗೆ ತಗೊಳ್ಳೂದಂತ ಮಾತಾಗಿತ್ತು, ಮನಿ ಬಿಟ್ಟು ಓಡ್ಯಾಳ. ನಿನ್ನೆ ತಂಗಿ ಬೂತಿನಾಗ ಹಚ್ಚಿದ ಈ ನಂಬರಿಗೆ ನಾನೂ ಹಚ್ಚಿದರ ಆಕಿನೇ ಎತ್ತಿದಳು. ಇವತ್ತು ಕೈ ಹಿಡದು ಎಳಕೊಂಡು ಬರತೀನಿ.”

ಅವನು ಜೀಪಿನ ಕಡೆ, ನಾನು ಬಸ್ ಸ್ಟ್ಯಾಂಡಿನ ಕಡೆ. ಓಡುವಾಗ ಚಪ್ಪಲಿಯ ಉಂಗುಷ್ಟ ಕಿತ್ತಿತು. ಅದನ್ನು ಕೈಯಲ್ಲೇ ಹಿಡಿದು ಮಾವಶಿಯ ಮುಂದೆ ನಿಂತು ಎಲ್ಲ ಒದರಿದೆ. ತಕ್ಕಡಿ ಕೆಳಗಿಟ್ಟಳು. ವಿಶಾಖಾಗೆ ನರ್ಸ್ ತರಬೇತಿಯ ಸೀಟು ಸಿಕ್ಕಿದೆ, ಮಧ್ಯಾಹ್ನ ಬಸವಕಲ್ಯಾಣದಿಂದಲೇ ಬಸ್ಸು ಹತ್ತುತ್ತಾಳೆ, ಹೋಗುವ ಮುಂಚೆ ತಾಯಿ ದ್ರೌಪತಿಯೊಡನೆ ಮಾತಾಡಲೆಂದು ನಿನ್ನೆಯೇ ಫೋನು ಕಳಿಸಿದ್ದೆ ಎಂದಳು.

ಫೋನು ಬಂದ್ ಮಾಡಿಸು ಎಂದೆ.

“ಬಂದ್ ಮಾಡಿದರ ಅವ ಕಲ್ಯಾಣದಾಗೇ ಓಣಿ ಓಣಿ ಹುಡಕತಾನ. ಫೋನು ಓಡಲಿ. ಅವ ಅದರ ಬೆನ್ನ ಹಿಂದ ಓಡಲಿ.”

ನನ್ನ ಮೊಬೈಲಿನಿಂದಲೇ ಕರೆ ಮಾಡಿ, ಅಲ್ಲೇ ಸ್ಟ್ಯಾಂಡಿನಲ್ಲಿ ಬಳೆ ಮಾರುವ ಸೋನುಬಾಯಿ ಮೋರಖಂಡಿಗೆ ಹೊರಟಿದ್ದಾಳೆ, ಚೀಲ ಅವಳಿಗೆ ಕೊಡು, ನೀನು ಬಸ್ಸು ಬರುವವರೆಗೆ ಹೆಂಗಸರ ನಡುವೆ ಕುಳಿತಿರು ಎಂದು ವಿಶಾಖಾಗೆ ಹೇಳಿದಳು.

ಮುಂದಿನದು ಕ್ರಿಕೆಟ್ಟಿಗಿಂತ ಜೋರು. ಕಾಶಿರಾಮ ಬಸವಕಲ್ಯಾಣ ಮುಟ್ಟಿ ನನಗೆ ಫೋನು ಹಚ್ಚಿದ: “ಈಗ ಮೋರಖಂಡಿ ಅಂತ ಬರಾಕತ್ತದಲ್ರಿ.” ಹಾಗಾದರೆ ಮೋರಖಂಡಿಯೇ ಇರಬೇಕು, ನಮ್ಮ ಕಂಪನಿ ಸುಳ್ಳು ಹೇಳುವುದಿಲ್ಲ ಎಂದೆ. ಹೆಬ್ಬೆರಳು ಅಡ್ಡ ಇಡದೆ ಫೋನಿನಲ್ಲಿ ನಿಜ ಹೇಳಿದ್ದು ಅದೇ ಮೊದಲು. ಅವನು ಮೋರಖಂಡಿಗೆ ಹೋಗುವಷ್ಟರಲ್ಲಿ ಸೋನುಬಾಯಿ ಹುಮನಾಬಾದಿಗೆ ಬರುವವರೊಬ್ಬರ ಕೈಗೆ ಚೀಲ ಕೊಟ್ಟಾಗಿತ್ತು. ಚೀಲ ಬಸ್ ಸ್ಟ್ಯಾಂಡಿಗೆ ಬಂದಾಗ ನಾನು ಹಿಡಿಯಲು ಹೋದೆ. ಮಾವಶಿ ನನ್ನ ಕೈ ಸರಿಸಿ, ಹೊಸ ಪೇರಲ ಎರಡು ಇಟ್ಟು, ಚಿಟಗುಪ್ಪದ ಬಸ್ಸಿಗೆ ಹತ್ತಿಸಿದಳು. ನಾನು ಅಷ್ಟು ವರ್ಷ ಹೋಗದೆಯೇ ಇದ್ದೇನೆ ಎನ್ನುತ್ತಿದ್ದ ಊರಿಗೆ ಅದು ನಿಜವಾಗಿಯೂ ಹೋಯಿತು. ಅಷ್ಟರಲ್ಲಿ ಬಸವಕಲ್ಯಾಣದಿಂದ ವಿಶಾಖಾಳ ಬಸ್ಸು ಬಿಟ್ಟಿತ್ತು.

ಸಂಜೆ ಚಿಟಗುಪ್ಪದಿಂದ ಚೀಲ ವಾಪಸು ಬಂದ ಮೇಲೆ, ಮೈಯೆಲ್ಲ ಧೂಳಾಗಿ ಕಾಶಿರಾಮ ಗೇಟಿಗೆ ಬಂದ. ಉತ್ತರ ‘ಹುಮನಾಬಾದ’ ಎಂದು ಬಂದಿತ್ತು. ತನ್ನ ಫೋನಿನಿಂದ ಹಚ್ಚಿದ. ಬುಟ್ಟಿಯೊಳಗೆ ಪೇರಲಹಣ್ಣು ಗುಂಯ್‌ಗುಟ್ಟಿತು. ಹಣ್ಣು ಸರಿಸಿ ನೋಡಿದ. ಹುಡುಗಿ ಎಲ್ಲಿ ಎಂದು ಕೇಳಿದ.

“ನೀ ಫೋನು ಹುಡುಕಾಕ ಹೋಗಿದ್ದಿ. ಸಿಕ್ತಲ್ಲ?”

ಅವನು ನನ್ನನ್ನು ನೋಡಿದ. ನಾನು ಚಪ್ಪಲಿ ನೋಡಿಕೊಂಡೆ. ಬೈಯಲೂ ತ್ರಾಣವಿಲ್ಲದೆ ಜೀಪು ಹತ್ತಿ ಊರಿನ ದಾರಿ ಹಿಡಿದ.

ಮಾವಶಿ ಮೊದಲು ಮಾಡಿಸಿದ ಕೆಲಸ, ಆ ಒಪ್ಪಿಗೆ ತೆಗೆಸಿದ್ದು. ಫೋನು ಎಲ್ಲಿದೆ ಎಂದು ಇನ್ನು ತನಗೂ ಹೇಳುವುದು ಬೇಡವಂತೆ. ಸಂಜೆಯವರೆಗೆ ಫಿಕರು ಮಾಡಿದರಾಯಿತು. ವಿಶಾಖಾ ಹಾಸ್ಟೆಲು ಮುಟ್ಟಿದಳೇ ಎಂದು ಕೇಳಿದೆ. ಮುಟ್ಟಿದಳು ಎಂದಳು. ಯಾವ ಊರು ಎಂದೆ. ಅವಳು ಬುಟ್ಟಿಗೆ ಬಟ್ಟೆ ಮುಚ್ಚತೊಡಗಿದಳು.

ನನಗೆ ಕೆಟ್ಟದೆನಿಸಿತು. ಇಡೀ ದಿನ ಅವಳ ಜೊತೆ ನಿಂತಿದ್ದೆನಲ್ಲ!

“ಮಾವಶಿ, ನನ್ನ ಮ್ಯಾಲೂ ಭರೋಸಾ ಇಲ್ಲೇನು?”

“ಇಲ್ಲಪಾ. ಯಾರು ಎಲ್ಲಿ ಅದಾರಂತ ಹೇಳಾಕೇ ನಿನಗ ಪಗಾರ ಕೊಡತಾರ.”