ಹುರುಳಿ ಹಾಸಿದ ರಸ್ತೆ

ಮದುವೆಯಾಗಿ ನೆಲಮಂಗಲದ ಕಡೆಯ ಮಧುರೆ ಹತ್ತಿರದ ಊರಿಗೆ ಬಂದ ಮೇಲೆ ನಾನು ಮೊದಲು ಕಲಿತದ್ದು ಕಾಯುವುದನ್ನು. ನಮ್ಮ ಯಜಮಾನರಿಗೆ ವೇಗದ ಹುಚ್ಚು. ಮೊದಲು ಬೈಕು, ಆಮೇಲೆ ದ್ರಾಕ್ಷಿ ಸಾಗಿಸುವ ವ್ಯಾನು, ಯಾವುದು ಕೈಗೆ ಸಿಕ್ಕರೂ ಅದರ ಜೀವ ಹೋಗುವಷ್ಟು ಓಡಿಸುತ್ತಿದ್ದರು. ಹೆದರಿಕೆ ಎನ್ನುವುದು ಆ ಮನುಷ್ಯನ ಮೈಯಲ್ಲೇ ಇರಲಿಲ್ಲ, ಅವರ ಪಾಲಿನದನ್ನೂ ನಾನೇ ಪಡಬೇಕಾಗಿತ್ತು. ಇವತ್ತು ಹೆಣವಾಗಿ ಬರುತ್ತಾರೋ ಏನೋ ಎಂಬ ಯೋಚನೆ ಬಾರದ ಸಂಜೆಯೇ ಇರಲಿಲ್ಲ. ದೀಪ ಹಚ್ಚುವಾಗ ನಾನು ದೇವರಲ್ಲಿ ಒಡವೆ ಕೇಳಿದವಳಲ್ಲ. ಇವರಿಗೊಂದಿಷ್ಟು ಭಯ ಕೊಡು ತಾಯಿ ಎನ್ನುತ್ತಿದ್ದೆ.

ತೊಂಬತ್ತರ ದಶಕದ ನಡುವೆ ಒಂದು ವರ್ಷ ದ್ರಾಕ್ಷಿ ಕೈಹಿಡಿಯಿತು. ಕಾರು ಕೊಳ್ಳುವುದೆಂದಾಯಿತು. ನಾಲ್ಕು ಜನ ಕೊಳ್ಳುವಂಥ ಕಾರು ಇವರಿಗೆ ಹಿಡಿಸುತ್ತದೆಯೇ? ಬೆಂಗಳೂರಿನ ಬ್ರೋಕರ್ ಒಬ್ಬ ಎರಡು ಕಾರು ತೋರಿಸಿದ. ಒಂದು, ಯಾರೋ ರೇಸಿನ ಹುಚ್ಚಿನವರು ಎಂಜಿನ್ ಬಿಚ್ಚಿ ಟ್ಯೂನ್ ಮಾಡಿಸಿ, ಸೈಲೆನ್ಸರ್ ಬದಲಾಯಿಸಿ, ನೆಲಕ್ಕೆ ತಾಗುವಷ್ಟು ತಗ್ಗಿಸಿದ್ದ ಕೆಂಪು ಕಾರು. ಇನ್ನೊಂದು, ಕಾರ್ಖಾನೆಯ ಸಾಹುಕಾರರೊಬ್ಬರು ಬಳಸಿ ಬಿಟ್ಟ ಫಾರಿನ್ ಕಾರು. ಕಪ್ಪು ಬಣ್ಣ, ಚರ್ಮದ ಸೀಟು, ಏಸಿ. ಓಡುವುದರಲ್ಲಿ ಒಂದಕ್ಕಿಂತ ಒಂದು ಮೇಲು. ಯಾವ ಬಾವಿಗೆ ಬೀಳುತ್ತೀಯ ಎಂದು ನನ್ನನ್ನು ಕೇಳಿದಂತಾಯಿತು.

"ಎರಡರಲ್ಲೂ ಕೂತ್ಕೊಂಡ್ ನೋಡು. ಆಮೇಲೆ ನನ್ನನ್ ಕೇಳ್ಲಿಲ್ಲ ಅನ್ಬೇಡ," ಎಂದರು.

ಮೊದಲ ದಿನ ಕೆಂಪು ಕಾರು. ಕೆರೆ ಏರಿಯ ಮೇಲೆ ಹೋಗುವಾಗ ಅದರ ಗುಡುಗಿಗೆ ನನ್ನ ಎದೆಯೇ ಅದುರುತ್ತಿತ್ತು. ಕಣ್ಣು ಮುಚ್ಚಿ, ಬಾಗಿಲ ಹಿಡಿ ಹಿಡಿದು, ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಕಣ್ಣು ಬಿಟ್ಟು ಸ್ಪೀಡಿನ ಮುಳ್ಳು ನೋಡಿದರೆ ಐವತ್ತು ಕೂಡ ದಾಟಿರಲಿಲ್ಲ.

ಏರಿಯ ಆಚೆ, ಹುಣಸೆ ಮರದ ತಿರುವು ಕಳೆದ ಕೂಡಲೇ ರಸ್ತೆಯ ಮೇಲೆ ಹುರುಳಿ ಹಾಸಿದ್ದರು. ಸುಗ್ಗಿ ಕಾಲದಲ್ಲಿ ನಮ್ಮ ಕಡೆ ಟಾರು ರಸ್ತೆಯೇ ಕಣ. ಕೊಯ್ದ ಪೈರನ್ನು ಉದ್ದಕ್ಕೂ ಹರಡಿದರೆ ಬಸ್ಸು, ಲಾರಿ ಅದರ ಮೇಲೆ ಹೋಗಿ ಕಾಳು ಉದುರಿಸುತ್ತವೆ. ಕಾರಿನ ಸದ್ದು ಏರಿಯಿಂದಲೇ ಕೇಳಿಸಿ ಹೆಂಗಸರು ಆಗಲೇ ಪಕ್ಕಕ್ಕೆ ಸರಿದು ನಿಂತಿದ್ದರು. "ಹತ್ಸಪ್ಪಾ, ಹತ್ಸು!" ಎಂದು ನಗುತ್ತ ಕೈಬೀಸಿದರು.

ಮನೆಗೆ ಬಂದರೆ ನಮ್ಮತ್ತೆ ಸೆರಗಿನಿಂದ ಕಿವಿ ಮುಚ್ಚಿಕೊಂಡು ನಿಂತಿದ್ದರು. "ಏನ್ಲಾ ಇದು, ತಗಡಿನ ಡಬ್ಬ ಎಳ್ಕಂಡ್ ಬಂದಂಗೈತೆ! ಮಾನವಂತರು ಕೂರೋ ಕಾರಾ ಇದು?"

ಮಾರನೆಯ ದಿನ ಕಪ್ಪು ಕಾರು. ಅತ್ತೆ ಅದರ ಬಾಗಿಲು ಸವರಿ, "ಇದು ಕಾರು," ಎಂದು ಹುರುಳಿ ತಿರುವಿ ಹಾಕಲು ಹೊರಟುಹೋದರು. ಅವತ್ತು ನಮ್ಮ ಹೊಲದ ಹುರುಳಿಯ ಸರದಿ. ನಾವಿಬ್ಬರೂ ನೆಲಮಂಗಲದ ಕಡೆ ಹೊರಟೆವು. ಎಂಜಿನ್ನಿನ ಸದ್ದೇ ಇಲ್ಲ, ಬಾಗಿಲು ಹಾಕಿದರೆ ಲೋಕವೇ ಹೊರಗುಳಿಯುತ್ತಿತ್ತು. ಅರಿಶಿನಕುಂಟೆ ಹತ್ತಿರ ಹೈವೇಯಲ್ಲಿ ನಾನು ತೂಕಡಿಸುತ್ತಿದ್ದೆ ಎಂದರೆ ನೀವು ನಂಬಬೇಕು. ಜೀವನದಲ್ಲಿ ಮೊದಲ ಸಲ ಅವರ ಪಕ್ಕ ನಿಶ್ಚಿಂತೆಯಾಗಿ ಕೂತಿದ್ದೆ. ಇದೇ ಇರಲಿ ಎಂದು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಹೇಳಿದ ಮೇಲೆ ಮುಳ್ಳಿನ ಕಡೆ ಕಣ್ಣು ಹೋಯಿತು. ನೂರಿಪ್ಪತ್ತು. ಅವರು ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ದ್ರಾಕ್ಷಿ ರೇಟಿನ ಮಾತಾಡುತ್ತಿದ್ದರು. ಆಗ ಹುಟ್ಟಿದ ಹೆದರಿಕೆಯೇ ಬೇರೆ. ಇಷ್ಟು ಹೊತ್ತು ಸಾವಿನ ಮಗ್ಗುಲಲ್ಲಿ ಹಾಯಾಗಿ ತೂಕಡಿಸಿದೆನಲ್ಲ!

"ನಿಧಾನಾರೀ," ಎಂದೆ.

"ನಿಧಾನವಾಗೇ ಹೋಗ್ತಿದೀನಲ್ಲೇ," ಎಂದರು. ಅವರಿಗೆ ಹಾಗೇ ಅನ್ನಿಸುತ್ತಿತ್ತು.

ಊರ ರಸ್ತೆಗೆ ಹೊರಳಿದ ಮೇಲೂ ಆಕ್ಸಿಲರೇಟರ್ ಮೇಲಿನ ಅವರ ಕಾಲು ಹಗುರವಾಗಲಿಲ್ಲ. ಹುಣಸೆ ಮರದ ತಿರುವು ಮುಗಿದ ಕ್ಷಣ ಎದುರಿಗೆ ಹುರುಳಿ, ಅದರ ನಟ್ಟನಡುವೆ ನಮಗೆ ಬೆನ್ನು ಮಾಡಿ, ಸೆರಗು ತಲೆಗೆ ಸುತ್ತಿ, ಕೋಲಿನಿಂದ ಪೈರು ತಿರುವುತ್ತಿದ್ದ ಒಂದು ಹೆಂಗಸು. ಕಾರು ಬಂದದ್ದು ಆಕೆಗೆ ಕೇಳಿಸಲೇ ಇಲ್ಲ. ನಾನು ಕಿರುಚಿದೆ. ಗಾಜು ಮುಚ್ಚಿದ್ದರಿಂದ ಕಿರುಚಿದ್ದು ಒಳಗೇ ಉಳಿಯಿತು. ಇವರು ಬ್ರೇಕ್ ಒತ್ತಿದರು. ಒಣಗಿದ ಹುರುಳಿಯ ಮೇಲೆ ಚಕ್ರ ಹಿಡಿತವಿಲ್ಲದೆ ಜಾರಿತು, ಕಾರು ಅಡ್ಡಡ್ಡ ತಿರುಗಿ ಆ ಬೆನ್ನಿನ ಕಡೆಗೇ ಹೋಯಿತು. ಸೀರೆಯ ಅಂಚು ನೋಡಿದ ಕೂಡಲೇ ಅದು ಅತ್ತೆ ಎಂದು ಗೊತ್ತಾಯಿತು.

ಕಾರು ನಿಂತಿತು. ಆಕೆಗೂ ಅದಕ್ಕೂ ನಡುವೆ ಕೈಯಗಲ ಜಾಗ. ಅತ್ತೆ ತಿರುಗಿ ನೋಡಿ ಕೋಲೆತ್ತಿದರು.

"ಯಾವನ್ಲಾ ಅದು, ಕಣ್ ಕಾಣಾಕಿಲ್ವಾ..." ಎಂದವರು ಒಳಗಿದ್ದವರ ಮುಖ ಕಂಡು ಹಾಗೇ ಹುರುಳಿಯ ಮೇಲೆ ಕುಸಿದು ಕೂತರು. ಇವರು ಸ್ಟಿಯರಿಂಗ್ ಬಿಡಲಿಲ್ಲ. ಬೆರಳು ನಾನೇ ಒಂದೊಂದಾಗಿ ಬಿಡಿಸಬೇಕಾಯಿತು.

ಅವತ್ತೇ ಕಪ್ಪು ಕಾರು ಬ್ರೋಕರ್ ಮನೆ ಸೇರಿತು. ಕಾರೇ ಬೇಡ ಎಂದು ಇವರು ಮೂಲೆ ಹಿಡಿದಾಗ ಅತ್ತೆಯೇ, "ಸದ್ದು ಮಾಡೋದನ್ನ ತಗೊಂಬಾ. ಬರೋದಾದ್ರೂ ಗೊತ್ತಾಗ್ಲಿ," ಎಂದರು. ಆಮೇಲಿನ ಸಂಜೆಗಳಲ್ಲಿ ಏರಿಯ ಮೇಲೆ ಆ ಗುಡುಗು ಕೇಳಿಸಿದರೆ ಅತ್ತೆ, "ಬಂದ ಕಣಮ್ಮಿ," ಎಂದು ಮುದ್ದೆಗೆ ಎಸರಿಡುತ್ತಿದ್ದರು. ನನಗೂ ಆಗಲೇ ಉಸಿರು.

ಮುಂದಿನ ಸುಗ್ಗಿಯಲ್ಲಿ ಒಂದು ಸಂಜೆ ಸದ್ದು ಬಂತು, ಹುಣಸೆ ಮರದ ಹತ್ತಿರ ಗಪ್ಪಂತ ನಿಂತುಹೋಯಿತು. ಅತ್ತೆಯೂ ನಾನೂ ಮುಖ ಮುಖ ನೋಡಿಕೊಂಡೆವು. ಒಲೆ ಹಾಗೇ ಬಿಟ್ಟು, ಚಪ್ಪಲಿ ಕೂಡ ಮೆಟ್ಟದೆ ಓಡಿದೆವು. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ರಕ್ತವೇ ಬರುತ್ತಿತ್ತು.

ಕಾರಿಗೆ ಏನೂ ಆಗಿರಲಿಲ್ಲ. ರಸ್ತೆಯ ಮೇಲೆ ಯಾರದೋ ಹುರುಳಿ, ಯಾರೂ ಇರಲಿಲ್ಲ. ಅದರ ಅಂಚಿಗೆ ಎಂಜಿನ್ ಆಫ್ ಮಾಡಿ ಇವರು ಕೂತಿದ್ದರು.

"ಹತ್ಸ್ಲಾ, ಕಾಳು ಉದುರ್ಲಿ," ಎಂದರು ಅತ್ತೆ.

"ಆಗ್ತಿಲ್ಲ ಕಣವ್ವ. ಅಲ್ಲಿ ನೀನೇ ನಿಂತಿರೋ ಹಂಗೆ ಕಾಣ್ತದೆ."

ದಿನವೂ ದೀಪದ ಮುಂದೆ ನಾನು ಬೇಡಿಕೊಂಡದ್ದು ಈ ಭಯವನ್ನೇ. ಎದುರಿಗೆ ಕಂಡಾಗ ನೋಡಲಾಗದೆ ಮುಖ ತಿರುಗಿಸಿದೆ.

ಅತ್ತೆ ಬಾಗಿಲು ತೆಗೆದು, ಸೊಂಟ ಹಿಡಿದುಕೊಂಡು, ಆ ತಗಡಿನ ಡಬ್ಬದೊಳಗೆ ಬಗ್ಗಿ ಕೂತರು.

"ನಾನ್ ಇಲ್ಲೇ ಒಳಗಿದ್ರೆ ಅಲ್ಲೆಂಗ್ಲಾ ನಿಂತಿರ್ತೀನಿ? ಹೊಡಿ."

ಗಾಡಿ ಸ್ಟಾರ್ಟ್ ಆಯಿತು. ಹುರುಳಿ ಪಟಪಟ ಸಿಡಿಯುತ್ತಿತ್ತು. ನಾನು ಬರಿಗಾಲಲ್ಲಿ ಪಕ್ಕದಲ್ಲೇ ನಡೆದೆ. ಮನೆ ಮುಟ್ಟುವವರೆಗೂ ಆ ಕಾರು ನನ್ನನ್ನು ದಾಟಿ ಹೋಗಲಿಲ್ಲ.