ಬೆಳ್ಳಿ ಕರಡಿಗೆ ಮತ್ತು ಅಯಸ್ಕಾಂತ

ಗೆಳೆಯರೇ, ಇವತ್ತು ಶಿವಮೊಗ್ಗದ ಆಸ್ಪತ್ರೆಯಲ್ಲಿ ನಮ್ಮಪ್ಪ ಚಿಕಿತ್ಸೆ ಶುರುವಾಗುವ ಮೊದಲೇ ಕುರ್ಚಿಯಿಂದ ಎದ್ದು ನಿಂತರು.

ನಮ್ಮೂರು ತೊಗರ್ಸಿಯಿಂದ ಅವರನ್ನು ಕರೆತಂದದ್ದು ಪಾರ್ಕಿನ್ಸನ್ಸ್‌ನ ಕೈನಡುಕಕ್ಕೆ. ತಲೆ ಕೊಯ್ಯದೆ, ಹೊರಗಿನಿಂದಲೇ ಅಯಸ್ಕಾಂತ ಹಿಡಿದು ಮಿದುಳನ್ನು ಪ್ರಚೋದಿಸುವ ಯಂತ್ರ ಅಲ್ಲಿದೆ.

“ಕೊರಳಲ್ಲಿರೋ ಬೆಳ್ಳಿ ಕರಡಿಗೆ ತೆಗೀರಿ ಅಜ್ಜಾ, ಲೋಹ ಇರಬಾರ್ದು” ಎಂದಳು ಯಂತ್ರ ನಡೆಸುವ ಹುಡುಗಿ. ಅಪ್ಪ ಎದ್ದು ನಿಂತದ್ದು ಆಗಲೇ.

“ಇದ್ರಾಗೆ ಲಿಂಗ ಐತವ್ವಾ. ಉಸಿರಿರೋ ತನಕ ಮೈಮೇಲಿಂದ ತೆಗಿಯಂಗಿಲ್ಲ. ಪೂಜೆ ಹೊತ್ತಿಗೆ ಅಂಗೈಯಾಗೆ ಇದು ನಿಲ್ಲವಲ್ದು ಅಂತ್ಲೇ ನಾ ಇಲ್ಲಿಗೆ ಬಂದಿದ್ದು!”

ಹುಡುಗಿ ಒಳಗೆ ಹೋಗಿ ಒಂದು ಹತ್ತಿಬಟ್ಟೆ ತಂದಳು; ಬೇಡವಾಗಿದ್ದದ್ದು ಬೆಳ್ಳಿ ಮಾತ್ರ, ಲಿಂಗ ಕಲ್ಲಿನದು. ಅಪ್ಪ ತಾವೇ ಲಿಂಗವನ್ನು ಅದರಲ್ಲಿ ಸುತ್ತಿ ದಾರಕ್ಕೆ ಕಟ್ಟಲು ನೋಡಿದರು. ಬೆರಳುಗಳು ಕೇಳಲಿಲ್ಲ. ಗಂಟು ನಾನು ಹಾಕಿದೆ. ಖಾಲಿ ಕರಡಿಗೆ ನನ್ನ ಮಡಿಲಲ್ಲಿ ಉಳಿಯಿತು.

ಅಷ್ಟರಲ್ಲಿ ಡಾಕ್ಟರು ಬಂದರು. “ಯಜಮಾನ್ರೇ, ಮೊದಲೇ ಹೇಳ್ತೀನಿ. ಇದ್ರಿಂದ ಫಲ ಸಿಗಬಹುದು, ಸಿಗದೇನೂ ಇರಬಹುದು. ಆದ್ರೆ ದಿನಾ ಬರಬೇಕು, ತಪ್ಪಿಸಬಾರ್ದು.”

ಅಪ್ಪ ಬಟ್ಟೆಯ ಗಂಟನ್ನು ಎದೆಗೆ ಒತ್ತಿಕೊಂಡು ಕುರ್ಚಿಗೆ ಒರಗಿದರು.

“ಪೂಜೆನೂ ಹಂಗೇ ಅಲ್ಲೇನ್ರೀ ಡಾಕ್ಟ್ರೇ? ಹಂಗಂತ ನಾ ಒಂದಿನ ಬಿಟ್ಟೀನೇನು?”