ಇನ್ನೂರ ಹದಿನೈದನೆಯ ಬಣ್ಣ

“ಹೇಗೂ ಹೊಸ ಕೈ ಮಾಡ್ತಿದ್ದೀರಿ, ಒಂಚೂರು ಬೆಳ್ಳಗೇ ಮಾಡಿಬಿಡಿ. ನೋಡೋಕೂ ಲಕ್ಷಣವಾಗಿರುತ್ತೆ.”

ಹೀಗನ್ನುತ್ತಿರುವುದು ಟೀಚರಮ್ಮನ ದೊಡ್ಡಮ್ಮ. ಸೂರ್ಯ ಈಗಷ್ಟೇ ಕಣ್ಣು ಬಿಡುತ್ತಿದ್ದಾನೆ. ಕೃತಕ ಕೈಕಾಲು ತಯಾರಿಸುವ ಕಾರ್ಯಾಗಾರದ ಕಿಟಕಿ ಪಕ್ಕ, ಟೀಚರಮ್ಮನ ಬಲಗೈ ಹಿಡಿದು ಕೂತಿದ್ದಾರೆ ಇಲ್ಲಿ ಬಣ್ಣ ಹಚ್ಚುವ ಬಣ್ಣದಕ್ಕ. ಎಡಗೈ ಬಸ್ ಅಪಘಾತದಲ್ಲಿ ಹೋಗಿ ವರ್ಷವಾಯಿತು. ಆಗ ಕೊಂಡ ರೆಡಿಮೇಡ್ ಕೈ ತಿಳಿಗುಲಾಬಿ, ಟೀಚರಮ್ಮ ಕಡುಗಪ್ಪು. ಅದನ್ನು ಶಾಲಿನೊಳಗೆ ಮುಚ್ಚಿಟ್ಟುಕೊಂಡೇ ಪಾಠ ಮಾಡುತ್ತಾರೆ. ನಾಳೆ ಹೊಸ ತರಗತಿ ಶುರು. ಶಾಲು ಹೊದ್ದು ಹೋಗುವುದೋ ಬಿಟ್ಟು ಹೋಗುವುದೋ, ಇವತ್ತೇ ತೀರ್ಮಾನವಾಗಬೇಕು. ಕೈ ತಯಾರಿದೆ, ಬಣ್ಣವೊಂದೇ ಬಾಕಿ.

“ಒಂದು ಕೈ ಬೆಳ್ಳಗೆ ಮಾಡಿದ್ರೆ ಇನ್ನೊಂದು ಏನಂದ್ಕೊಳ್ಳುತ್ತೆ ಅಮ್ಮಾ?” ಬಣ್ಣದಕ್ಕ ಗಾಜಿನ ಹಲಗೆಯ ಮೇಲೆ ಕಂದು, ಕೆಂಪು, ಒಂದು ಹನಿ ನೀಲಿ ಕಲಸುತ್ತಾರೆ.

ಇವರು ಹದಿನೆಂಟು ವರ್ಷದ ಹಿಂದೆ ಇಲ್ಲಿಗೆ ಕಸ ಗುಡಿಸಲು ಬಂದವರು. ಊರಲ್ಲಿ ನಾನಾ ದೇಶದಿಂದ ಬಂದು ನೆಲೆಸಿದ ನಾನಾ ಮೈಬಣ್ಣದ ಜನ. ಕಾರ್ಯಾಗಾರದಲ್ಲಿ ಮಾತ್ರ ಒಂದೇ ಡಬ್ಬಿ ತಿಳಿಗುಲಾಬಿ, ಅದರ ಮೇಲೆ ‘ಚರ್ಮದ ಬಣ್ಣ’ ಎಂಬ ಅಚ್ಚು. ಬಿರುಬೇಸಿಗೆಯಲ್ಲೂ ಗ್ಲೌಸ್ ಹಾಕಿ ಬಂದ ಅಂಚೆಯಣ್ಣನನ್ನು ಇವರು ಕೇಳಿದರಂತೆ, “ಸೆಕೆ ಆಗಲ್ವಾ ಅಣ್ಣಾ?”

“ಇದು ನನ್ನ ಕೈಯಲ್ಲಮ್ಮ, ಯಾರದ್ದೋ. ಕದ್ದ ಮಾಲು ಅಂದ್ಕೊಂಡಾರು ಅಂತ ಮುಚ್ಚಿದ್ದೀನಿ.”

“ಅವತ್ತೇ ಪೊರಕೆ ಮೂಲೆಗಿಟ್ಟು ಬಣ್ಣ ಕಲಸೋಕೆ ಕೂತೆ ನೋಡಿ” ಎಂದು ನಗುತ್ತಾರೆ ಬಣ್ಣದಕ್ಕ. ಮೊದಲ ಕೈ ಕೆಟ್ಟಿತು. ಟ್ಯೂಬ್‌ಲೈಟಿನಡಿ ಕಲಸಿದ ಬಣ್ಣ ಬಿಸಿಲಿಗೆ ಹೋದಾಗ ಬೂದಿ ಬಳಿದಂತೆ ಕಂಡಿತು. ಸಾಲದ್ದಕ್ಕೆ ಅಂಗೈಗೂ ಹಿಂಗೈಗೂ ಒಂದೇ ಬಣ್ಣ! ಅಂದಿನಿಂದ ಕಲಸುವುದು ಬೆಳಗಿನ ಬೆಳಕಲ್ಲಿ ಮಾತ್ರ. ಒಂದು ಕೈಗೆ ಒಂಬತ್ತು ಪದರ, ವಾರಕ್ಕೆ ಎರಡೇ ಕೈ. ಹೊಸ ಬಣ್ಣ ಕೂಡಿಬಂದಾಗ ಮಾತ್ರ ಗೋಡೆಗೊಂದು ಮಾದರಿ, ಹೀಗೆ ಈವರೆಗೆ ಉಗುರಗಲದ ಇನ್ನೂರ ಹದಿನಾಲ್ಕು ಬಿಲ್ಲೆಗಳು. ಕೆಳಗೆ ನಂಬರಿಲ್ಲ, ಹೆಸರಿದೆ: ಅಂಚೆಯಣ್ಣ, ನರ್ಸಮ್ಮ, ಬೇಕರಿ ತಾತ, ನಗೋ ಡ್ರೈವರ್.

“ಬೆಳ್ಳಗಿನವರ ಕೈಗೂ ನೀಲಿ ಬೇಕು, ಕಪ್ಪಗಿನವರ ಕೈಗೂ ಕೆಂಪು ಬೇಕು. ಡಬ್ಬಿಗಳು ಅವೇ, ಅಳತೆ ಬೇರೆ ಅಷ್ಟೆ.”

ದೊಡ್ಡಮ್ಮ ಸುಮ್ಮನಾಗುವವರಲ್ಲ. “ನನ್ನನ್ನ ಚಿಕ್ಕಂದಿನಿಂದ ‘ಕರಿ’ ಅಂತ್ಲೇ ಕರೆದ್ರು ಕಣಮ್ಮಾ. ಇವಳಿಗಾದ್ರೂ ಅದು ತಪ್ಪಲಿ ಅಂತ.”

“ಒಂದು ಕೈ ತಪ್ಪಿಸ್ಕೊಂಡ್ರೆ ಉಳಿದ ಮೈಯನ್ನ ಎಲ್ಲಿ ಬಚ್ಚಿಡ್ಲಿ ದೊಡ್ಡಮ್ಮಾ?” ಟೀಚರಮ್ಮ ಮೊದಲ ಬಾರಿ ಬಾಯಿ ಬಿಡುತ್ತಾರೆ. “ನನ್ನ ಬಣ್ಣಾನೇ ಹಾಕಿ ಅಕ್ಕಾ.”

ಹತ್ತು ಗಂಟೆಗೆ ಒಂಬತ್ತನೆಯ ಪದರವೂ ಒಣಗಿ ಕೈ ಸಿದ್ಧ, ಗೋಡೆಯಲ್ಲಿ ‘ಟೀಚರಮ್ಮ’ ಎಂಬ ಹೊಸ ಬಿಲ್ಲೆ. ನಿಮ್ಮ ಆಸೆ ಏನು ಎಂದು ಟೀಚರಮ್ಮ ಕೇಳಿದರೆ ಬಣ್ಣದಕ್ಕ ಮೂಲೆಯಲ್ಲಿರುವ ‘ಚರ್ಮದ ಬಣ್ಣ’ದ ಹಳೆಯ ಡಬ್ಬಿ ತೋರಿಸುತ್ತಾರೆ: “ಯಾರ ಚರ್ಮ ಅಂತಾನಾದ್ರೂ ಅದರ ಮೇಲೆ ಬರೀಲಿ.”

ಟೀಚರಮ್ಮ ಶಾಲನ್ನು ಚೀಲಕ್ಕೆ ತುರುಕಿ ಮೆಟ್ಟಿಲಿಳಿಯುತ್ತಾರೆ. ಹಿಂದುಳಿದ ದೊಡ್ಡಮ್ಮ ಅತ್ತಿತ್ತ ನೋಡಿ, ತೋಳು ಮೇಲೇರಿಸಿ, ಗೋಡೆಯ ಹೊಸ ಬಿಲ್ಲೆಯ ಪಕ್ಕ ತನ್ನ ಮಣಿಕಟ್ಟು ಹಿಡಿಯುತ್ತಾರೆ.

ಬಣ್ಣದಕ್ಕ ಬೆಳಕು ಬೀಳಲೆಂದು ಕಿಟಕಿಯ ಪರದೆಯನ್ನು ಇನ್ನಷ್ಟು ಸರಿಸುತ್ತಾರೆ.